ಕೆಂಪು ಸಾಲಿನ ಮಕ್ಕಳು

ಗೋಡೆಯ ಪ್ಲಗ್ಗಿಗೆ ಕೈ ಹಾಕಿ ಅವಳು ವೈರನ್ನು ಕಿತ್ತೇಬಿಟ್ಟಳು. ಕಂಪ್ಯೂಟರಿನ ಪರದೆ ಒಮ್ಮೆ ಮಿಟುಕಿ ಕಪ್ಪಾಯಿತು. ಅದರ ಮುಂದೆ ಬಾಗಿ ನಿಂತಿದ್ದ ಇಬ್ಬರು ಗಂಡಸರು, ಉಣ್ಣುತ್ತಿದ್ದ ತಟ್ಟೆಯನ್ನು ಯಾರೋ ಎಳೆದುಕೊಂಡಂತೆ, ಒಟ್ಟಿಗೇ ತಲೆ ಎತ್ತಿದರು.

ಒಬ್ಬ ಅವಳ ಅಣ್ಣ. ಇನ್ನೊಬ್ಬನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಸಾವಿನ ಮನೆಗೆ ಟೈ ಬಿಗಿದುಕೊಂಡು ಬಂದಿದ್ದ.

"ಏನೇ ಇದು, ಹುಚ್ಚಾ ನಿನಗೆ?" ಅಣ್ಣ ದನಿ ತಗ್ಗಿಸಿ ಗದರಿದ.

"ಆಚೆ ಅಪ್ಪ ಮಲಗಿದ್ದಾರೆ. ಈಚೆ ನೀನು ಅಂಗಡಿ ತೆರೆದು ಕೂತಿದ್ದೀಯ. ಹುಚ್ಚು ಯಾರಿಗೆ?"

ಆಚೆ ಎಂದರೆ ದೂರವೇನಲ್ಲ. ಕೌಂಟರಿನ ಗಾಜಿನಾಚೆ, ರೋಗಿಗಳು ಕಾಯುವ ಹಾಲಿನಲ್ಲಿ, ಮಕ್ಕಳ ಎತ್ತರ ಅಳೆಯಲೆಂದು ಗೋಡೆಯ ಮೇಲೆ ಬರೆಸಿದ್ದ ಜಿರಾಫೆಯ ಕೆಳಗೆ, ಬಿಳಿಯ ಹೊದಿಕೆ ಹೊದ್ದು ಅಪ್ಪ ಮಲಗಿದ್ದರು. ಊರಿಗೆಲ್ಲ ಅವರು ಪೀಪಿ ಡಾಕ್ಟರ್. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಡುವ ಮುನ್ನ ಅದರ ಕೈಗೊಂದು ಹೊಸ ಕಾಗದದ ಪೀಪಿ ಕೊಟ್ಟು, "ಜೋರಾಗಿ ಊದು, ನೋಡೋಣ" ಎನ್ನುವುದು ಅವರ ಪದ್ಧತಿ. ಮಗುವಿಗೆ ಅದು ಆಟ, ಅವರಿಗೆ ಶ್ವಾಸಕೋಶದ ಪರೀಕ್ಷೆ. ಮಗಳೂ ಮಕ್ಕಳ ವೈದ್ಯೆಯಾಗಿ ಅದೇ ಕ್ಲಿನಿಕ್ಕಿಗೆ ಬಂದಾಗ ಜನ ಅವಳನ್ನು ಸಣ್ಣ ಡಾಕ್ಟರ್ ಎಂದರು. ಅವಳ ತಲೆಯಲ್ಲಿ ನರೆ ಕಾಣಿಸಿಕೊಂಡರೂ ಆ ಹೆಸರು ಬದಲಾಗಲಿಲ್ಲ.

ನಿನ್ನೆ ಬೆಳಿಗ್ಗೆ, ಒಂದು ಮಗುವನ್ನು ಕಳಿಸಿ ಇನ್ನೊಂದನ್ನು ಕರೆಯುವ ನಡುವೆ ಕೈ ತೊಳೆಯಲು ಹೋದ ಪೀಪಿ ಡಾಕ್ಟರ್ ನಲ್ಲಿ ನಿಲ್ಲಿಸಲಿಲ್ಲ. ನೀರು ಸುರಿಯುತ್ತಲೇ ಇದ್ದುದನ್ನು ಕೇಳಿ ಸಿಸ್ಟರ್ ಬಾಗಿಲು ತಳ್ಳಿದ್ದಳು.

ಟೈಯವನು ಗಂಟಲು ಸರಿಪಡಿಸಿಕೊಂಡ. "ನಿಮ್ಮ ದುಃಖದಲ್ಲಿ ನಮ್ಮ ಆಸ್ಪತ್ರೆ ಸಮೂಹವೂ ಭಾಗಿ, ಮೇಡಂ. ಇಂಥ ದಿನ ಬರಬಾರದಿತ್ತು. ಆದರೆ ಡಾಕ್ಟರು ಹೋದ ವಾರದಲ್ಲೇ ಪೇಷೆಂಟುಗಳು ಚದುರಿಬಿಡ್ತಾರೆ. ಕ್ಲಿನಿಕ್ ನಮಗೆ ಬಿಟ್ಟುಕೊಡೋ ಒಪ್ಪಿಗೆ ಪತ್ರಕ್ಕೆ ಇವತ್ತೇ ನೀವಿಬ್ಬರೂ ಸಹಿ ಹಾಕಿದ್ರೆ, ನಾಳೆಯಿಂದ ಎಲ್ಲರನ್ನೂ ನಮ್ಮ ಕಟ್ಟಡಕ್ಕೇ ಕರೆಸಿಕೊಳ್ತೀವಿ. ಅಂದ್ರೆ, ಹಸಿರಿನವರನ್ನ."

"ಹಸಿರಿನವರನ್ನ?"

"ನೀವೇ ಬೇರ್ಪಡಿಸಿ ಇಟ್ಟಿದ್ದೀರಲ್ಲ, ಬಹಳ ಅನುಕೂಲ ಆಯ್ತು. ಹೇಳಿದ ದಿನ ಬರೋರು ಹಸಿರು ಸಾಲು. ತಪ್ಪಿಸಿಕೊಳ್ಳೋರು ಕೆಂಪು. ಕೆಂಪಿನವರು ಯಾರಿಗೆ ಬೇಕು? ಅವರನ್ನ ಬಿಟ್ಟುಬಿಡೋಣ. ಇಷ್ಟು ಚೊಕ್ಕವಾಗಿ ಡೇಟಾ ಇಟ್ಟಿರೋ ಒಂಟಿ ಕ್ಲಿನಿಕ್ ನಾನು ನೋಡೇ ಇಲ್ಲ, ಮೇಡಂ."

ಬೈಗುಳಕ್ಕೆ ಮೈ ಉರಿಯುವುದು ಅವಳಿಗೆ ಗೊತ್ತಿತ್ತು. ಹೊಗಳಿಕೆಗೂ ಹೀಗೆ ಉರಿಯುತ್ತದೆಂದು ಈಗ ತಿಳಿಯಿತು.

"ಪಾಸ್‌ವರ್ಡ್ ಯಾರು ಕೊಟ್ಟರು ನಿನಗೆ?" ಅವಳು ಅಣ್ಣನ ಕಡೆ ತಿರುಗಿದಳು.

"ಅಪ್ಪನ ಪಾಸ್‌ವರ್ಡ್ ಊಹಿಸೋಕೆ ದೊಡ್ಡ ಬುದ್ಧಿ ಬೇಕಾ? ಪೀಪಿ," ಎಂದ ಅಣ್ಣ. "ನೋಡು, ಮೂರೂವರೆಗೆ ಸ್ಮಶಾನದ ಗಾಡಿ ಬರತ್ತೆ. ಅಷ್ಟರೊಳಗೆ ಯೋಚನೆ ಮಾಡು. ಸಹಿ ಇಬ್ಬರದೂ ಬೇಕು."

ಒಪ್ಪಿಗೆ ಪತ್ರ ಅವನ ಕೈಯಲ್ಲೇ ಇತ್ತು. ಅದರ ಕೆಳಗೆ ಅವನ ಸಹಿ ಆಗಲೇ ಒಣಗಿತ್ತು.

ಅವಳು ಕಂಪ್ಯೂಟರಿನ ಹಿಂದಿನಿಂದಲೂ ವೈರನ್ನು ಕಿತ್ತು, ಮುಂಗೈಗೆ ಸುತ್ತಿಕೊಂಡು ಹಾಲಿಗೆ ನಡೆದಳು.

*

ಆ ಕೆಂಪನ್ನು ಮೊದಲ ಸಲ ತಪ್ಪಾಗಿ ಓದಿದವನು ಟೈಯವನಲ್ಲ. ಓದಿದವರು ಅಪ್ಪನೇ.

ಅವಳು ಕ್ಲಿನಿಕ್ಕಿಗೆ ಸೇರಿದಾಗ ಅಲ್ಲಿನ ಲೆಕ್ಕಾಚಾರವೆಲ್ಲ ಅಪ್ಪನ ತಲೆಯಲ್ಲಿತ್ತು. ಕಂಪ್ಯೂಟರ್ ತಂದವಳು ಅವಳು. ಯಾವ ಮಗು ಎಷ್ಟು ಹೊತ್ತಿಗೆ ಬಂತು, ಎಷ್ಟು ಕಾಯಿತು, ತೂಕ ಏರಿತೇ, ಮುಂದಿನ ಲಸಿಕೆಗೆ ಬಂತೇ ಎಂಬುದನ್ನೆಲ್ಲ ಒಂದು ವರ್ಷ ಸದ್ದಿಲ್ಲದೆ ತುಂಬಿಸಿದಳು. ಆಮೇಲೊಂದು ಮಧ್ಯಾಹ್ನ, ಊಟದ ಮೇಜಿನ ಮೇಲೆ, ಕೆಂಪು ಹಸಿರು ಸಾಲುಗಳ ಒಂದು ನಕ್ಷೆಯನ್ನು ಅಪ್ಪನ ತಟ್ಟೆಯ ಪಕ್ಕಕ್ಕೆ ಸರಿಸಿದಳು.

"ಬೆಳಿಗ್ಗೆ ನೋಡಿದ ಮಕ್ಕಳು ಮತ್ತೆ ಬರ್ತಾರೆ ಅಪ್ಪಾ. ಹನ್ನೆರಡರ ಮೇಲೆ ನೋಡಿದ ಮಕ್ಕಳಲ್ಲಿ ಹೆಚ್ಚಿನವರು ಬರೋದೇ ಇಲ್ಲ. ಡಾಕ್ಟರ್ ನೀವೇ, ಔಷಧಿ ಅದೇ. ಹಾಗಿದ್ರೆ ಹನ್ನೆರಡರ ಮೇಲೆ ಏನಾಗತ್ತೆ?"

"ಏನಾಗತ್ತೆ? ಬಿಸಿಲಾಗತ್ತೆ."

ಪಾತ್ರೆ ತೆಗೆಯುತ್ತಿದ್ದ ಸಿಸ್ಟರ್ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಆ ಹೊತ್ತಿಗೆ ನಿಮಗೆ ಹಸಿವಾಗತ್ತೆ, ಸಾರ್. ಹಸಿವಾದ್ರೆ ನೀವು ಬೈತೀರಿ."

ಬೈಯುವುದೆಂದರೆ ಸಾಮಾನ್ಯ ಬೈಗುಳವಲ್ಲ. ಮಗುವಿನ ಮುಂದೆ ಬೆಣ್ಣೆಯಾಗಿದ್ದ ಮನುಷ್ಯ, ತಡವಾಗಿ ಬಂದ ತಾಯಿಯ ಮುಂದೆ ಬೆಂಕಿ. "ಹೋದ ತಿಂಗಳು ಎಲ್ಲಿ ಹಾಳಾಗಿ ಹೋಗಿದ್ದೆ? ಹಡೆಯೋಕೆ ಬರತ್ತೆ, ಹೇಳಿದ ದಿನ ಬರೋಕೆ ಬರಲ್ವಾ?" ಎಂದು ಕಾಯುವ ಹಾಲಿಗೆಲ್ಲ ಕೇಳಿಸುವಂತೆ ಗುಡುಗುತ್ತಿದ್ದರು. ಆ ತಾಯಿ ತಲೆ ತಗ್ಗಿಸಿ ಹೊರಗೆ ಹೋಗುತ್ತಿದ್ದಳು. ಮುಂದಿನ ಸಲ ತಡವಾಯಿತೋ, ಬೈಸಿಕೊಳ್ಳುವುದಕ್ಕಿಂತ ಬಾರದಿರುವುದೇ ಮೇಲೆಂದುಕೊಳ್ಳುತ್ತಿದ್ದಳು.

ಅಪ್ಪ ತಟ್ಟೆ ತಳ್ಳಿ ಎದ್ದರು. "ನನ್ನ ಮನೆಯಲ್ಲಿ ಕೂತು ನನ್ನ ಮೇಲೇ ಚಾರ್ಜ್‌ಶೀಟಾ? ಇವರಿಗೆಲ್ಲ ಕೆಂಪು ಬಳಿದು ಹೊರಗೆ ಓಡಿಸಬೇಕು ಅಂತಿದ್ದೀಯಾ?"

"ಓಡಿಸೋಕಲ್ಲ ಅಪ್ಪಾ, ಹುಡುಕೋಕೆ!" ಅವಳೂ ಕಿರುಚಿದ್ದಳು. ಕೋಪದಲ್ಲಿ ಅಪ್ಪ ಮಗಳು ಒಂದೇ ಅಚ್ಚು.

ಒಂದು ವಾರ ಇಬ್ಬರಿಗೂ ಮಾತಿಲ್ಲ. ವಾರದ ಕೊನೆಗೆ, ಕೆಲಸ ಮುಗಿಸಿ ಎದ್ದ ಅಪ್ಪ ಕೌಂಟರಿನ ಬಳಿ ನಿಂತರು. ಪರದೆಯ ತುದಿಯಲ್ಲಿ ಒಂದು ಕೆಂಪು ಸಾಲಿತ್ತು: ಅವಳಿ ಮಕ್ಕಳಿಬ್ಬರಲ್ಲಿ ಚಿಕ್ಕದರದು. ತೂಕದ ಗೆರೆ ಏರದೆ ಮಲಗಿಬಿಟ್ಟಿತ್ತು. ಆಮೇಲೆ ಗೆರೆಯೇ ಇರಲಿಲ್ಲ, ಮಗು ಬಂದಿರಲಿಲ್ಲ. ಅಪ್ಪ ಯಾರಿಗೂ ಹೇಳದೆ ಬ್ಯಾಗು ಹಿಡಿದು ಹೊರಟರು. ಆ ಮಗುವಿನ ಮನೆಯ ಬಾಗಿಲು ತೆರೆದ ಅಜ್ಜಿ ಅವರನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದಳಂತೆ. "ಬೈಬೇಡಿ ಡಾಕ್ಟರೇ, ನಾಳೆ ಬರೋರೇ ಇದ್ವಿ." ಒಳಗೆ ಮಗು ಹಿಂಡಿ ಇಟ್ಟ ಬಟ್ಟೆಯಂತೆ ಬಿದ್ದಿತ್ತು.

ಮಗು ಉಳಿಯಿತು. ಮಾರನೆಯ ಸಂಜೆ ಅಪ್ಪ ತಮ್ಮ ಕುರ್ಚಿಯನ್ನು ತಾವೇ ಉರುಳಿಸಿಕೊಂಡು ಬಂದು ಅವಳ ಪರದೆಯ ಮುಂದೆ ಕುಳಿತರು.

"ಬಂದವರು ಕಣ್ಣಿಗೆ ಕಾಣ್ತಾರೆ. ಬರದವರು ಎಲ್ಲಿ ಕಾಣ್ತಾರೆ ಅಂತ ಇಷ್ಟು ವರ್ಷ ನನಗೆ ಹೊಳೆದೇ ಇಲ್ಲ ನೋಡು. ತೋರಿಸು."

ಅವಳು ತೋರಿಸಿದಳು. ದಿನದ ಸರದಿಯಲ್ಲಿ ಹನ್ನೆರಡಕ್ಕೆ ಮುಂಚೆ ಹೊಸ ಪೇಷೆಂಟಿನ ಹೆಸರೊಂದನ್ನೂ ಸೇರಿಸಿದಳು: ಬಾಳೆಹಣ್ಣು. ಆ ಸರದಿ ಬಂದಾಗ ಸಿಸ್ಟರ್ ಎರಡು ಹಣ್ಣು ಹಿಡಿದು ಒಳಗೆ ಹೋಗುತ್ತಿದ್ದಳು. ಅಪ್ಪ ತಿಂದ ಮೇಲೆಯೇ ಮುಂದಿನ ಮಗು.

*

ಮಧ್ಯಾಹ್ನದ ಹೊತ್ತಿಗೆ ಹಾಲು ತುಂಬಿತ್ತು. ಗೋಡೆಯ ಉದ್ದಕ್ಕೂ ಮಕ್ಕಳಿಗೆಂದೇ ಮಾಡಿಸಿದ್ದ ಪುಟ್ಟ ಕುರ್ಚಿಗಳಿದ್ದವು. ದೊಡ್ಡವರು ಅವುಗಳ ಮೇಲೆ ಕೂರಲು ಅಂಜಿ ನಿಂತೇ ಇದ್ದರು.

"ನನ್ನನ್ನೂ ಇವರೇ ನೋಡಿದ್ರು, ನನ್ನ ಮಗಳನ್ನೂ ಇವರೇ ನೋಡಿದ್ರು," ಎಂದ ಬಸ್ ಡ್ರೈವರ್. "ಇಬ್ಬರಿಗೂ ಪೀಪಿ ಕೊಟ್ರು. ಬೈದಿದ್ದು ಮಾತ್ರ ನನಗೊಬ್ಬನಿಗೆ."

"ನಿಮಗೆ ಒಂದೇ ಸಲ ಬೈದಿರಬೇಕು. ನನಗೆ ಮಾಸಿಕ ಕಂತು," ಎಂದಳು ಅವಳಿಗಳ ಅಜ್ಜಿ. ನಗು ಬಂದವರು ಕೆಮ್ಮಿ ಮುಚ್ಚಿಕೊಂಡರು. ಅಜ್ಜಿಯ ಎರಡು ಪಕ್ಕದಲ್ಲಿ ಅವಳಿಗಳು ಜಿರಾಫೆಯ ಕುತ್ತಿಗೆಯ ಮಟ್ಟಕ್ಕೆ ಬೆಳೆದು ನಿಂತಿದ್ದರು.

ಒಂದು ಮೂಲೆಯಲ್ಲಿ ಅತ್ತಿಗೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗು ಕೆಮ್ಮುತ್ತಿತ್ತು.

"ಈ ಕೆಮ್ಮು ಎಷ್ಟು ದಿನದ್ದು?" ಸಿಸ್ಟರ್ ಕೇಳಿದಳು.

"ಹತ್ತಿರ ಹತ್ತಿರ ತಿಂಗಳಾಯ್ತು. ಬೂಸ್ಟರ್ ಲಸಿಕೆ ಬೇರೆ ಬಾಕಿ." ಅತ್ತಿಗೆ ಗಂಡನಿದ್ದ ಕಡೆ ನೋಡಿ ದನಿ ಇಳಿಸಿದಳು. "ಕ್ಲಿನಿಕ್ಕಿನ ನಂಬರ್ ಕಂಡ್ರೆ ಸಾಕು, ಇವರು ಫೋನ್ ಕಟ್ ಮಾಡ್ತಾರೆ. ಹೋದ ವರ್ಷ ಮಾವ ಎಲ್ಲರೆದುರು ಬೈದ್ರಲ್ಲ, 'ಡಾಕ್ಟರ ಮಗನಾಗಿ ಮಗೂನ ಇಷ್ಟು ತಡವಾಗಿ ತರ್ತೀಯಾ' ಅಂತ. ಅವತ್ತಿಂದ ಈ ಮೆಟ್ಟಿಲು ಹತ್ತಿಲ್ಲ."

ಸಣ್ಣ ಡಾಕ್ಟರ್ ಅದನ್ನು ಕೇಳಿಸಿಕೊಂಡಳು. ಅವಳಿಗದು ಹೊಸ ಸುದ್ದಿಯಲ್ಲ. ಆ ದಿನ ಬಾಳೆಹಣ್ಣಿನ ಸರದಿಯನ್ನು ಅಪ್ಪ ಯಾವುದೋ ಜ್ವರದ ಮಗುವಿಗೆ ಬಿಟ್ಟುಕೊಟ್ಟಿದ್ದರು.

ಅಷ್ಟರಲ್ಲಿ ಅವಳಿಗಳ ಅಜ್ಜಿ ಅವಳ ತೋಳು ಹಿಡಿದಳು. "ಡಾಕ್ಟರಮ್ಮಾ, ಬಾಗಿಲ ಮೇಲೆ ಏನೋ ಅಂಟಿಸಿದ್ದಾರಲ್ಲ. ನಾಳೆಯಿಂದ ಮುಚ್ಚಿಬಿಡ್ತಾರಂತೆ, ಹೌದಾ?"

ಅವಳು ಬಾಗಿಲಿಗೆ ಹೋಗಿ ನೋಡಿದಳು. ಅಣ್ಣನ ದುಂಡು ಅಕ್ಷರ. ಆ ಚೀಟಿಯನ್ನು ಒಂದೇ ಏಟಿಗೆ ಹರಿದು ಮುದುರಿ, ಅಣ್ಣನನ್ನು ಅಪ್ಪನ ಪರೀಕ್ಷಾ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

"ಅಪ್ಪ ಇನ್ನೂ ಮನೆ ಬಿಟ್ಟಿಲ್ಲ. ಆಗಲೇ ಬಾಗಿಲು ಮುಚ್ಚೋಕೆ ನಿನಗೇನು ಅವಸರ?"

"ಅವಸರ ನನಗಲ್ಲ, ನಿನಗೋಸ್ಕರ! ಈ ಕ್ಲಿನಿಕ್ಕೇ ಅಪ್ಪನ್ನ ತಿಂದಿದ್ದು. ಇನ್ನು ನಿನ್ನನ್ನ ತಿನ್ನತ್ತೆ. ಒಬ್ಬಳೇ ಎಷ್ಟು ದಿನ ಎಳೀತೀಯ?"

"ಎಳೆಯೋದು ನನ್ನ ಹೆಗಲು. ಕೆಂಪು ಸಾಲಿನ ಮಕ್ಕಳು ಎಲ್ಲಿ ಹೋಗಬೇಕು? ಆ ಟೈಯವನು ಅವರನ್ನ ಕಸ ಗುಡಿಸಿದ ಹಾಗೆ ಗುಡಿಸಿದ್ದು ನೀನು ಕೇಳಿಸ್ಕೊಂಡೆ ತಾನೇ?"

"ಕೆಂಪು, ಕೆಂಪು, ಕೆಂಪು!" ಅಣ್ಣನ ದನಿ ಒಡೆಯಿತು. "ಊರಿನ ಕೆಂಪಿನವರಿಗೆಲ್ಲ ಈ ಮನೆಯಲ್ಲಿ ಜಾಗ ಇತ್ತು ಕಣೇ. ನನಗೆ ಜ್ವರ ಬಂದಾಗ ನನ್ನ ಸರದಿ ಕೊನೇದು. ಆಚೆ ಆ ಪುಟ್ಟ ಕುರ್ಚಿ ಮೇಲೆ ಕೂತು, ಕೊನೇ ಪೇಷೆಂಟ್ ಹೋಗೋವರೆಗೆ ಕಾದಿದ್ದೀನಿ. ಒಂದು ದಿನ, ಒಂದೇ ಒಂದು ದಿನ, 'ಬಾರೋ' ಅಂತ ತಾವಾಗಿ ಕರೆದಿದ್ದಾರಾ ಕೇಳು."

"ಕರೆದಿದ್ದಾರೆ."

"ಸುಳ್ಳು."

"ನೀನು ಕಟ್ ಮಾಡಿದ್ದೀಯ."

ಅವನಿಗೆ ಅರ್ಥವಾಗಲಿಲ್ಲ. ಅವಳು ವಿವರಿಸುವ ಗೋಜಿಗೆ ಹೋಗಲಿಲ್ಲ. ವಿವರಿಸುವಷ್ಟು ತಾಳ್ಮೆ ಆ ಕ್ಷಣದಲ್ಲಿ ಅವಳಲ್ಲಿ ಇರಲೂ ಇಲ್ಲ.

"ಮೂರೂವರೆಗೆ ಗಾಡಿ," ಎಂದ ಅಣ್ಣ, ಕಣ್ಣು ಒರೆಸಿಕೊಳ್ಳುತ್ತ. "ಸಹಿ ಹಾಕಿದ ಮೇಲೇ ನಾನು ಹೆಗಲು ಕೊಡೋದು."

ಆಡಿದ ಮಾತಿಗೆ ಅವನೇ ಬೆಚ್ಚಿದ್ದ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನೂ ಅದೇ ಅಚ್ಚಿನವನು.

*

ಕೆಂಪು ಸಾಲಿನವರಿಗೆ ಮೊದಮೊದಲು ಫೋನ್ ಮಾಡುತ್ತಿದ್ದುದು ಒಂದು ಯಂತ್ರದ ದನಿ. ಜನ ಎರಡು ಮಾತು ಕೇಳಿ ಇಟ್ಟುಬಿಡುತ್ತಿದ್ದರು. ಅಂಕಿಗಳನ್ನು ನೋಡಿ ಸಣ್ಣ ಡಾಕ್ಟರ್ ಅಪ್ಪನ ಮುಂದೆ ಮೈಕ್ ಇಟ್ಟಳು.

"ನಾನೇನು ರೈಲ್ವೆ ಸ್ಟೇಷನ್ನಾ, ಕೂಗಿ ಹೇಳೋಕೆ?" ಎಂದರು ಅಪ್ಪ. ಆದರೂ ಮೊದಲು ಒಂದು ಪೀಪಿ ಊದಿ, ಬರೆದುಕೊಟ್ಟಿದ್ದ ಕಾಗದವನ್ನು ಬದಿಗಿಟ್ಟು, ತಮಗೆ ತೋಚಿದ್ದು ಹೇಳಿದರು: "ನಾನು ಪೀಪಿ ಡಾಕ್ಟರ್. ಮಗೂನ ನೋಡಿ ಬಹಳ ದಿನ ಆಯ್ತು. ನಾಳೆ ಕರ್ಕೊಂಡು ಬಾ. ತಡವಾದ್ರೂ ಬಾ, ಬೈಯೋದಿಲ್ಲ. ಬರೋದಾದ್ರೆ ಒಂದು ಒತ್ತು."

"ಅಪ್ಪಾ, ಎಲ್ಲರಿಗೂ ಏಕವಚನ ಹಾಕಿದ್ರೆ ಬೇಜಾರು ಮಾಡ್ಕೊಳ್ತಾರೆ."

"ಅವರಲ್ಲಿ ಅರ್ಧ ಜನಕ್ಕೆ ಮೊದಲ ಸೂಜಿ ಚುಚ್ಚಿದ್ದು ನಾನು. ಬಹುವಚನ ಬಾಯಿಗೆ ಬರಲ್ಲ."

"'ಬೈಯೋದಿಲ್ಲ' ಅನ್ನೋದಾದ್ರೂ ತೆಗೀರಿ. ಮೊದಲು ಬೈತಿದ್ರಿ ಅಂತ ಒಪ್ಪಿಕೊಂಡ ಹಾಗಾಗತ್ತೆ."

"ಆಗಲಿ."

ಅವಳು ಅರ್ಧ ಜನರಿಗೆ ಆ ಮಾತು ಇಟ್ಟು, ಇನ್ನರ್ಧ ಜನರಿಗೆ ತೆಗೆದು ಒಂದು ತಿಂಗಳು ಪರೀಕ್ಷಿಸಿದಳು. 'ಬೈಯೋದಿಲ್ಲ' ಕೇಳಿದವರು ಬಂದರು, ಉಳಿದವರು ಬರಲಿಲ್ಲ. ಆ ಅಂಕಿಗಳನ್ನು ನೋಡಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಯಾರೂ ಏನೂ ಒತ್ತದಿದ್ರೆ?"

"ಕಟ್ ಮಾಡೋವರೆಗೆ ಮತ್ತೆ ಮತ್ತೆ ಹೇಳತ್ತೆ."

"ಹೇಳಲಿ. ನನಗೇನು ಗಂಟಲು ನೋವಾ?"

*

ಗಾಡಿ ಸಮಯಕ್ಕೆ ಸರಿಯಾಗಿ ಬಂದು ಬಾಗಿಲಲ್ಲಿ ನಿಂತಿತು. ಬಸ್ ಡ್ರೈವರ್ ಮತ್ತು ಇನ್ನೂ ಇಬ್ಬರು ಮಂಚದ ಬಳಿ ಬಂದರು. ನಾಲ್ಕನೆಯ ಮೂಲೆ ಮಗನಿಗಾಗಿ ಖಾಲಿ ಇತ್ತು. ಅಣ್ಣ ಒಪ್ಪಿಗೆ ಪತ್ರ ಹಿಡಿದು ಗೋಡೆಯ ಪಕ್ಕ ನಿಂತಿದ್ದ. ಟೈಯವನು ಪೆನ್ನಿನ ಮುಚ್ಚಳ ತೆಗೆದು ಸಣ್ಣ ಡಾಕ್ಟರಿಗೆ ನೀಡಿದ.

"ಒಂದೇ ಒಂದು ಸಹಿ, ಮೇಡಂ. ಜನ ಕಾಯ್ತಿದ್ದಾರೆ."

ಆ ಖಾಲಿ ಮೂಲೆಯನ್ನು ಎಲ್ಲರೂ ನೋಡುತ್ತಿದ್ದರು. ಅವಳು ಪೆನ್ನಿಗೆ ಕೈ ಚಾಚಲಿಲ್ಲ, ಚಾಚುವುದಿಲ್ಲವೆಂದೂ ಹೇಳಲಿಲ್ಲ. ಸಹಿ ಹಾಕಿದರೆ ಕೆಂಪು ಸಾಲಿನ ಮಕ್ಕಳಿಗೆ ಜಾಗವಿಲ್ಲ. ಹಾಕದಿದ್ದರೆ ಅಪ್ಪ ಮಗನ ಹೆಗಲಿಲ್ಲದೆ ಹೋಗಬೇಕು.

ಆಗ ಅವಳಿಗಳ ಅಜ್ಜಿಯ ಸೆರಗಿನೊಳಗಿಂದ ಫೋನು ಕಿರುಚಿತು.

ಅಜ್ಜಿಗೆ ಕಿವಿ ಮಂದ. ಫೋನಿನ ದನಿ ಯಾವಾಗಲೂ ತಾರಕದಲ್ಲಿ. ಅವಳು ಗಾಬರಿಯಿಂದ ಯಾವುದೋ ಗುಂಡಿ ಅದುಮಿದಳು. ಇಡೀ ಹಾಲಿನಲ್ಲಿ ಒಂದು ಪೀಪಿ ಮೊಳಗಿತು.

"ನಾನು ಪೀಪಿ ಡಾಕ್ಟರ್. ಮಗೂನ ನೋಡಿ ಬಹಳ ದಿನ ಆಯ್ತು..."

ಮಂಚಕ್ಕೆ ಕೈ ಹಾಕಿದ್ದ ಡ್ರೈವರ್ ಬಿಸಿ ತಾಗಿದಂತೆ ಕೈ ಎಳೆದುಕೊಂಡ. ಅಷ್ಟರಲ್ಲಿ ಅವನ ಜೇಬೂ ಗುನುಗಿತು. ಆಮೇಲೆ ಬಾಗಿಲ ಬಳಿ ಒಂದು, ಮೆಟ್ಟಿಲ ಮೇಲೆ ಒಂದು, ಗಾಡಿಯ ಆಚೆ ಇನ್ನೊಂದು.

ಸಣ್ಣ ಡಾಕ್ಟರಿಗೆ ಆಗ ನೆನಪಾಯಿತು. ನಿನ್ನೆಯಿಂದ ಯಾರೂ ಅದನ್ನು ನಿಲ್ಲಿಸಿರಲಿಲ್ಲ. ಫೋನ್ ಮಾಡುವ ಯಂತ್ರ ಈ ಕಂಪ್ಯೂಟರಿನೊಳಗೆ ಇರಲೇ ಇಲ್ಲ. ಅದು ಎಲ್ಲೋ ದೂರದಲ್ಲಿ ಕುಳಿತು, ತಾಯಂದಿರು ಫೋನ್ ಎತ್ತುವ ಹೊತ್ತು ಇದೇ ಎಂದು ಅವಳೇ ಅಂಕಿ ನೋಡಿ ಗೊತ್ತುಮಾಡಿದ್ದ ಹೊತ್ತಿಗೆ, ತನ್ನ ಕೆಲಸ ಶುರುಮಾಡಿತ್ತು. ಹೇಳಿದ ದಿನ ಬರದ ಕೆಂಪು ಸಾಲಿನವರೆಲ್ಲ ಇಂದು ಹೇಳದೆಯೇ ಬಂದು ನಿಂತಿದ್ದರು.

"ಏನ್ರೀ ಇದು ಅಸಹ್ಯ, ಯಾರಾದ್ರೂ ಆಫ್ ಮಾಡಿ!" ಟೈಯವನು ಕೌಂಟರಿನ ಕಡೆ ನುಗ್ಗಿದ.

"ಮುಟ್ಟಿದ್ರೆ ಕೈ ಮುರೀತೀನಿ." ಅವಳು ಅವನಿಗೆ ಅಡ್ಡ ನಿಂತಳು. ಅದು ಹನ್ನೆರಡು ಗಂಟೆಯ ನಂತರದ ಅಪ್ಪನ ದನಿ. ಹಳಬರು ತಮಗರಿವಿಲ್ಲದೆ ತಲೆ ತಗ್ಗಿಸಿದರು.

"ಡಾಕ್ಟರಮ್ಮಾ," ಅಜ್ಜಿ ಅಳುತ್ತಲೇ ಕೇಳಿದಳು, "ಹೋದ ವಾರ ನಾನು ತಪ್ಪಿಸಿದ್ದೆ. ನಾಳೆ ಕ್ಲಿನಿಕ್ ಇದೆಯಾ? ಒಂದು ಒತ್ತಲಾ?"

ಸಣ್ಣ ಡಾಕ್ಟರ್ ಮುಂಗೈಗೆ ಸುತ್ತಿದ್ದ ವೈರನ್ನು ಬಿಚ್ಚಿದಳು. ಕೌಂಟರಿನೊಳಗೆ ಹೋಗಿ ಪ್ಲಗ್ಗಿಗೆ ಸಿಕ್ಕಿಸಿ, ಪರದೆಯನ್ನು ಗಾಜಿನ ಕಡೆಗೆ, ಎಲ್ಲರಿಗೂ ಕಾಣುವಂತೆ ತಿರುಗಿಸಿದಳು.

"ಒತ್ತಿ."

ಪರದೆ ಬೆಳಗಿತು. ಮೇಲಿನಿಂದ ಕೆಳಗಿನವರೆಗೂ ಕೆಂಪು. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಒಂದು ಒತ್ತಿದಳು. ಒಂದು ಸಾಲು ಹಸಿರಾಯಿತು. ಅದರ ಕೆಳಗಿನದೂ ಹಸಿರಾಯಿತು. ಡ್ರೈವರ್ ಮೂಗು ಒರೆಸಿಕೊಂಡು ಒತ್ತಿದ.

"ಆದರೆ ನಾಳೆ... ಕ್ಲಿನಿಕ್..." ಟೈಯವನು ತೊದಲಿದ.

"ಓದ್ಕೊಳ್ಳಿ. ಡೇಟಾ ಚೊಕ್ಕವಾಗಿದೆ ಅಂದ್ರಲ್ಲ? ನಾಳೆ ಮಧ್ಯಾಹ್ನದವರೆಗೆ ಜಾಗ ಇಲ್ಲ. ಬಾಳೆಹಣ್ಣು ಬಿಟ್ಟರೆ ಒಂದು ಸರದಿಯೂ ಖಾಲಿ ಇಲ್ಲ." ಅವಳು ಅವನ ಪೆನ್ನಿನ ಮುಚ್ಚಳ ಹಾಕಿ ಅವನ ಜೇಬಿಗೇ ಸಿಕ್ಕಿಸಿದಳು.

ಕೊನೆಗೆ ಪರದೆಯ ಮೇಲೆ ಒಂದು ಸಾಲು ಮಾತ್ರ ಕೆಂಪಾಗಿ ಉಳಿಯಿತು. ಕೆಮ್ಮುವ ಮಗುವಿನದು.

ಅಣ್ಣನ ಫೋನ್ ಬಹಳ ಹೊತ್ತಿನಿಂದ ರಿಂಗಾಗುತ್ತಿತ್ತು. ಕ್ಲಿನಿಕ್ಕಿನ ನಂಬರ್. ಕತ್ತರಿಸುವುದಕ್ಕೆಂದು ಅವನ ಹೆಬ್ಬೆರಳು ರೂಢಿಯಂತೆ ಏರಿತು, ಅಲ್ಲೇ ತಡೆಯಿತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡ.

ಸಣ್ಣ ಡಾಕ್ಟರ್ ಪರದೆಯನ್ನೇ ನೋಡುತ್ತಿದ್ದಳು. ಆ ಸಾಲು ಕೆಂಪಾಗಿಯೇ ಇತ್ತು. ಹೊರಗೆ ಗಾಡಿಯವನು ಒಮ್ಮೆ ಹಾರ್ನ್ ಒತ್ತಿ, ಒಳಗೆ ಇಣುಕಿ, ಸುಮ್ಮನಾದ. ಸಾಲು ಇನ್ನೂ ಕೆಂಪು. ಅವಳ ಕೋಪ ಮತ್ತೆ ಕುದಿದು ಬಂತು. ಒತ್ತೋ ಎಂದು ಕಿರುಚಲೆಂದೇ ತಿರುಗಿದಳು.

ಅಣ್ಣ ಗೋಡೆಯ ಪಕ್ಕದ ಪುಟ್ಟ ಕುರ್ಚಿಯೊಂದರಲ್ಲಿ ಕುಳಿತಿದ್ದ. ಮೊಣಕಾಲುಗಳು ಎದೆಗೆ ತಾಗುತ್ತಿದ್ದವು. ಒಪ್ಪಿಗೆ ಪತ್ರ ಅವನ ಅಡಿಯಲ್ಲಿ ಸಿಕ್ಕಿ ಮುದ್ದೆಯಾಗಿತ್ತು. ಫೋನಿನೊಳಗೆ ಅಪ್ಪನ ಮಾತು ಮುಗಿಯಿತು. ಅವನು ಏನನ್ನೂ ಒತ್ತದೆ ಕಾದ. ಮತ್ತೆ ಮೊದಲಿನಿಂದ, ಪೀಪಿ ಮೊಳಗಿತು.